ಅಕ್ಕಣಿಯ ಬಿ.ಪಿ.

"ನಾಲಗಿ ಸತ್ತದೇನ ನಿಂದು, ಹಲ್ಕಟ್ ಮುಂಡೆ? ಇವತ್ತೂ ಉಪ್ಪ ಹಾಕಿಲ್ಲ!"

ಮಹಾದೇವಿ ದೂಡಿದ ರಭಸಕ್ಕೆ ಬಟ್ಟಲಿನ ಸಾರು ಮೇಜಿಗೆ ಚೆಲ್ಲಿತು. ಭಾನುವಾರದ ಊಟಕ್ಕೆ ಬಂದಿದ್ದ ಐದು ಮಂದಿ ತಂತಮ್ಮ ತಟ್ಟೆ ನೋಡಿಕೊಂಡರು. ಅಡುಗೆಯ ಅಕ್ಕಣಿ ಸೆರಗಿನಿಂದಲೇ ಮೇಜು ಒರೆಸಿದಳು.

"ಕೈ ಮರೀತ್ ಅಮ್ಮ. ನಮ್ ಕುದ್ರಂಗೆ ಸಾರಿಗ್ ಉಪ್ಪ್ ಹಾಕುದೇ ಇಲ್ಲೆ. ಬಾವಿ ನೀರೇ ಉಪ್ಪ್."

"ಮೀನ ತಿನ್ನೋ ಜಾತಿ, ಎದುರ ಮಾತ ಬ್ಯಾರೆ!"

"ತಡಿ ಮಹಾದೇವಿ," ಅವಳ ಗಂಡ ಡಾಕ್ಟರ್ ಮುರುಗೆಪ್ಪನ ಕಿವಿ ನೆಟ್ಟಗಾಯಿತು. ಕಡಲು ಉಕ್ಕೇರಿ ನೆಲೆ ಕಳೆದುಕೊಂಡ ದ್ವೀಪದವರ ಕಾಯಿಲೆಗಳ ಬಗ್ಗೆ ಬರುವ ವಾರ ದುಬೈಯಲ್ಲಿ ಅವನ ಭಾಷಣವಿತ್ತು. "ಅಕ್ಕಣಿ, ಬಾ ಇಲ್ಲೆ, ಕುಂದರು. ಹೇಳು."

ಎಂಟು ಕುರ್ಚಿಗಳಲ್ಲಿ ಖಾಲಿಯಿದ್ದ ಒಂದರ ತುದಿಗೆ ಅಕ್ಕಣಿ ಕೂತಳು. ಗಲ್ಫಿನ ಅಲ್ ರೀಮ್‌ ದ್ವೀಪದ ಆ ನಲವತ್ತನೇ ಮಹಡಿಯ ಮನೆಯಲ್ಲಿ ಎರಡು ವರ್ಷದಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದ್ದೇ ತಡ, ಮಾತು ಕಟ್ಟೆಯೊಡೆದು ಬಂತು. ಹೊಳೆ ಕಡಲು ಸೇರುವಲ್ಲಿನ ನಡುಗಡ್ಡೆ ತಮ್ಮ ಕುದ್ರು. ಕಡಲು ವರ್ಷವರ್ಷವೂ ಮೇಲೆ ಬಂತು, ಬಾವಿಗಳೆಲ್ಲ ಉಪ್ಪಾದವು. ದೋಣಿಯಲ್ಲಿ ತಂದ ಸಿಹಿನೀರು ಬಾಣಂತಿಯರಿಗೆ, ಹಸುಗೂಸುಗಳಿಗೆ. ಉಳಿದವರು ಇದ್ದುದನ್ನೇ ಕುಡಿದರು. ಕಾಲು ಬಾತವು, ಬಸಿರು ನಿಲ್ಲಲಿಲ್ಲ.

"ನನ್ ಗಂಡಂಗೆ ಕಿಡ್ನಿ ಹೋಯ್ತ್. ಸರ್ಕಾರಿ ಡಾಕ್ಟ್ರ್ ಉಪ್ಪ್ ಕಮ್ಮಿ ಮಾಡ್ ಅಂದ್ರ್. ನಮ್ಮನಿಯವ್ರ್ ನೆಗ್ಯಾಡಿ, ಅದ್ನ ಕಡ್ಲಿಗ್ ಹೇಳಿ ಅಂದ್ರ್."

ಮೇಜಿನ ಸುತ್ತ ನಗೆಯೆದ್ದಿತು. "ಭಾಳ ಚೊಲೋ ಮಾತು!" ಎಂದು ಮುರುಗೆಪ್ಪ ಫೋನಿನಲ್ಲಿ ಬರೆದುಕೊಂಡ. ಒಳಗಿನಿಂದ ಬಿ.ಪಿ. ಯಂತ್ರ ತಂದು ಅವಳ ತೋಳಿಗೆ ಪಟ್ಟಿ ಸುತ್ತಿದ. ಇನ್ನೂರ ನಾಲ್ಕು, ನೂರ ಹದಿನೆಂಟು.

"ಇವ್ಳು ನಿಂತು ಅಡುಗೆ ಮಾಡಿದ್ದೇ ದೊಡ್ಡದು ಮಾರಾಯ್ರೆ," ಎಂದರು ಮಂಗಳೂರಿನ ಡಾಕ್ಟರ್ ಮೋಹನದಾಸ್. "ಯಾವಾಗ ಬೀಳ್ತಾಳೆ ಹೇಳ್ಲಿಕ್ಕೆ ಆಗುದಿಲ್ಲ."

ಮಹಾದೇವಿ ದಿಗ್ಗನೆ ಎದ್ದಳು. "ನಮ್ಮನ್ಯಾಗ ಬಿದ್ದ ಸತ್ತರ? ವೀಸಾ ನಮ್ಮ ಹೆಸರ್ಲೆ ಐತಿ! ಖಲಾಸ್, ಗುರುವಾರಕ್ಕ ಟಿಕೆಟ್ ತಗಸ್ರಿ."

"ಖರೇ ಅದ," ಎಂದ ಮುರುಗೆಪ್ಪ. "ಊರಿಗೆ ಹೋಗಿ ಆರಾಮ ಮಾಡವಾ. ನಿಮ್ಮ ಹವಾ, ನಿಮ್ಮ ನೀರಿಗೆ ಎಲ್ಲಾ ಇಳೀತದ. ಏಳು ಇನ್ನ."

ಅಕ್ಕಣಿ ಏಳಲಿಲ್ಲ. ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಬೆನ್ನು ಆನಿಸಿ ಕೂತಳು.

"ಈಗ ಊರ್ ಎಲ್ಲಿತ್ತ್ ಹೇಳಿ. ಏಳ್ತೆ."

"ಏನಂದಿ?"

"ಮನಿ ಹೊಳಿಗ್ ಹೋಯಿ ಮೂರ್ ಮಳ್ಗಾಲ ಆಯ್ತ್. ಜನ ಎಲ್ಲೆಲ್ಲೋ ಹೋದ್ರ್. ಬರ್ಕಂಡ್ರಿ ಅಲ್ದಾ, ಓದಿ ಕಾಣಿ. ನಾನ್ ಯಾರ್ ಮನಿ ಬಾಗ್ಲಿಗ್ ಹೋಪುದ್?"

ಮಹಾದೇವಿ ಅವಳ ರಟ್ಟೆ ಹಿಡಿದು ಎಳೆಯಹೋದಳು. "ಮುಟ್ಟಬ್ಯಾಡ!" ಎಂದು ಮುರುಗೆಪ್ಪ ಗಾಬರಿಯಿಂದ ಕೂಗಿದ. "ಏನರ ಆದ್ರ ನಮ್ಮ ಕುತ್ತಿಗಿಗೇ ಬರ್ತದ!"

ಅತಿಥಿಗಳು ಚಪ್ಪಲಿ ಹುಡುಕಿದರು. ಅವರನ್ನು ಬೀಳ್ಕೊಡಲು ಗಂಡ ಹೆಂಡತಿ ಇಬ್ಬರೂ ಲಿಫ್ಟಿನ ತನಕ ಹೋದರು.

ಮೇಜಿನಲ್ಲಿ ಅಕ್ಕಣಿ ಒಬ್ಬಳೇ ಉಳಿದಳು. ತೋಳಿನ ಪಟ್ಟಿಯನ್ನು ಬಿಚ್ಚಲು ಯಾರಿಗೂ ನೆನಪಾಗಿರಲಿಲ್ಲ. ಯಂತ್ರ ತಾನಾಗಿಯೇ ಮತ್ತೊಮ್ಮೆ ಗಾಳಿ ತುಂಬಿಕೊಂಡು ಅವಳ ತೋಳನ್ನು ಬಿಗಿಯತೊಡಗಿತು.