ನಡುವೆ ಸಿದ್ದಾಪುರ

ಹೆಡ್‌ಫೋನಿನಲ್ಲಿ ಮೂವರು ಒಟ್ಟಿಗೇ ಮಾತಾಡುತ್ತಿದ್ದರು. ಒಬ್ಬ ಕೊಲಂಬೊದಲ್ಲಿದ್ದ ಪರಿಹಾರ ಕಚೇರಿಯವನು, ಇನ್ನೊಬ್ಬ ಲಂಕೆಯ ಉತ್ತರದ ಬಂದರಿನಲ್ಲಿ ನಿಂತ ವಿದೇಶಿ ಹಡಗಿನವನು. ಮೂರನೆಯವಳು ಪೂರ್ವ ಕರಾವಳಿಯ ಶಾಲೆಯೊಂದರಲ್ಲಿ ನಿರಾಶ್ರಿತರ ಜೊತೆಗಿದ್ದ ಡಾಕ್ಟರು. ಪರಿಮಳಾ ಮೈಕಿನ ಗುಂಡಿ ಒತ್ತಿ, ತರಗತಿಯಲ್ಲಿ ಗಲಾಟೆ ಎದ್ದಾಗ ಬಳಸುವ ದನಿಯಲ್ಲಿಯೇ, ಒಬ್ಬೊಬ್ಬರಾಗಿ ಮಾತಾಡಿ, ಮೊದಲು ಡಾಕ್ಟರು, ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಗಲಾಟೆ ನಿಂತಿತು.

ಸುನಾಮಿ ಬಂದು ವಾರ ಕಳೆದಿತ್ತು. ಪರಿಮಳಾ ಸಿದ್ದಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹವ್ಯಾಸಕ್ಕೆಂದು ಪರೀಕ್ಷೆ ಬರೆದು, ಮನೆಯಿಂದಲೇ ದೂರದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಲೈಸೆನ್ಸ್ ಪಡೆದಿದ್ದಳು. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಯಂತ್ರ, ಮಾಡಿನಿಂದ ತೆಂಗಿನ ಮರದವರೆಗೆ ತಂತಿ. ಬಟ್ಟೆ ಒಣಗಿಸಲೂ ಬಾರದ ತಂತಿ ಎಂದು ಅತ್ತೆ ದೇವಕಿ ಬಂದವರಿಗೆಲ್ಲ ಅದನ್ನು ತೋರಿಸಿ ನಗುತ್ತಿದ್ದರು. ಈಗ ಶಾಲೆಗೆ ರಜೆ ಹಾಕಿ ಸೊಸೆ ಹಗಲಿಡೀ ಆ ಕೋಣೆಯಲ್ಲಿ ಕೂತಾಗ ಮಾತ್ರ ಅವರು ನಗಲಿಲ್ಲ. ಊಟದ ತಟ್ಟೆಯನ್ನು ಅಲ್ಲಿಗೇ ತಂದಿಡುತ್ತಿದ್ದರು.

ಆ ಮೂವರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಕರಾವಳಿಯ ಟೆಲಿಫೋನು ಕಂಬಗಳು ಕೊಚ್ಚಿಹೋಗಿದ್ದವು. ಆಕಾಶಕ್ಕೆ ಬಡಿದು ಕೆಳಗಿಳಿಯುವ ರೇಡಿಯೋ ಅಲೆ ಹತ್ತಿರದವರ ತಲೆಯ ಮೇಲಿಂದ ಹಾರಿಹೋಗಿ ದೂರದಲ್ಲಿ ಇಳಿಯುತ್ತಿತ್ತು. ಹಾಗಾಗಿ ಮೂವರ ಮಾತೂ ಸಿದ್ದಾಪುರದ ಈ ಕೋಣೆಗೆ ಪಕ್ಕದ ಮನೆಯಿಂದ ಬಂದಷ್ಟು ಸ್ಪಷ್ಟವಾಗಿತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಅವಳ ಕೆಲಸವಾಗಿತ್ತು.

ಡಾಕ್ಟರು ಹೇಳಿದ್ದು ಇಷ್ಟು. ಶಾಲೆಯ ಬಾವಿಗೆ ಸಮುದ್ರದ ನೀರು ನುಗ್ಗಿದೆ, ಮಕ್ಕಳಿಗೆ ವಾಂತಿ ಭೇದಿ ಶುರುವಾಗಿದೆ. ಸೇತುವೆ ಮುರಿದಿರುವುದರಿಂದ ಒಂದು ಲಾರಿಯೂ ಇತ್ತ ಬಂದಿಲ್ಲ. ಹಡಗಿನಲ್ಲಿ ನೀರು ಶುದ್ಧ ಮಾಡುವ ಯಂತ್ರವಿತ್ತು. ಆದರೆ ಅದು ಹೆದ್ದಾರಿ ಬದಿಯ ದೊಡ್ಡ ಶಿಬಿರಕ್ಕೆ ಹೋಗಬೇಕೆಂದು ಕೊಲಂಬೊದಲ್ಲಿ ತೀರ್ಮಾನವಾಗಿತ್ತು, ಸಂಜೆಯೊಳಗೆ ಲಾರಿಗೆ ಏರಿಸುವವರಿದ್ದರು. ಪರಿಮಳಾ ಡಾಕ್ಟರ ಮಾತನ್ನು ಹಡಗಿಗೆ ಮುಟ್ಟಿಸಿದಳು. ಹಡಗಿನವನು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ, ನೀವು ಯಾವ ಸಂಸ್ಥೆಯವರು ಎಂದು ಕೇಳಿದ.

"ಯಾವ ಸಂಸ್ಥೆಯೂ ಅಲ್ಲ," ಎಂದಳು ಪರಿಮಳಾ. "ನಾನು ಸಿದ್ದಾಪುರ."

ಅವನು ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ರೇಡಿಯೋದ ದೀಪ ಮಂಕಾಗಿ ಆರಿತು. ಬೆಳಗಿನಿಂದ ಕರೆಂಟಿರಲಿಲ್ಲ. ಬಸ್‌ಸ್ಟ್ಯಾಂಡಿನ ಬಳಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿದ್ದ ಗಂಡ ವೆಂಕಟ್ರಮಣ ತಂದುಕೊಟ್ಟ ಬ್ಯಾಟರಿಯೂ ಈಗ ಮುಗಿದಿತ್ತು. ಇನ್ನೊಂದನ್ನು ತರಲು ಶಿರಸಿಗೆ ಬೈಕಿನಲ್ಲಿ ಹೋದವನು ಬಂದಿರಲಿಲ್ಲ.

ಬಾಗಿಲಲ್ಲಿದ್ದ ದೇವಕಿ ಸೊಸೆಯ ಮುಖ ನೋಡಿದರು. "ಎಂತ ಆತು?"

"ಬ್ಯಾಟ್ರಿ ಮುಗತ್ತು ಅತ್ತೆ. ಅಲ್ಲಿ ಹುಡ್ರಿಗೆ ಕುಡಿಯಲೆ ನೀರಿಲ್ಲೆ."

"ಜೀಪಿಂದು ಆಗ್ತಾ?"

ಜೀಪು ಇದ್ದದ್ದು ಪಕ್ಕದ ಮನೆಯಲ್ಲಿ. ಬನವಾಸಿ ಕಡೆಯಿಂದ ಬಂದು ಇಲ್ಲಿ ಕಿರಾಣಿ ವ್ಯಾಪಾರ ಹೂಡಿದ್ದ ನೀಲಗಂಗವ್ವನ ಮನೆ ಅದು. ಬಚ್ಚಲ ನೀರು ಹರಿಯುವ ಚರಂಡಿಯ ವಿಷಯಕ್ಕೆ ಜಗಳವಾದ ಮೇಲೆ ದೇವಕಿ ಆ ಅಂಗಳಕ್ಕೆ ಕಾಲಿಟ್ಟವರಲ್ಲ. ಬೇಲಿಯಾಚೆಯಿಂದ ಕರೆದರೂ ಓಗೊಡುತ್ತಿರಲಿಲ್ಲ. ಆಗ್ತು ಎಂದು ಪರಿಮಳಾ ಅಂದಳೋ ಇಲ್ಲವೋ, ಅವರು ಸೆರಗು ಸರಿ ಮಾಡಿಕೊಂಡು ಹೊರಟೇಬಿಟ್ಟರು.

ನೀಲಗಂಗವ್ವ ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಗೇಟು ತೆಗೆದವರನ್ನು ನೋಡಿ ಎದ್ದು ನಿಂತಳು. "ಬರ್ರಿ ದೇವಕಮ್ಮಾರ, ಒಳಗ ಬರ್ರಿ. ಅಲ್ಲೇ ಯಾಕ ನಿಂತ್ರಿ?"

"ಕೂರೂಕೆ ಪುರಸೊತ್ತಿಲ್ಲ. ನಿಮ್ಮ ಜೀಪು ಬೇಕಾಗಿತ್ತು." ಯಾಕೆಂದು ದೇವಕಿ ಅಲ್ಲೇ ನಿಂತು ಹೇಳಿದರು, ಒಂದೂ ಮಾತು ಹೆಚ್ಚಿಲ್ಲದೆ.

ನೀಲಗಂಗವ್ವ ಮತ್ತೇನೂ ಕೇಳಲಿಲ್ಲ, ಮಗ ಭರತನನ್ನು ಕೂಗಿದಳು. ಭರತ್ ಜೀಪನ್ನು ಕೋಣೆಯ ಕಿಟಕಿಯವರೆಗೂ ತಂದು, ಹೂಗಿಡದ ಮಡಿಯ ಮೇಲೆಯೇ ನಿಲ್ಲಿಸಿದ. ತಂತಿ ಕಿಟಕಿಯಿಂದ ಒಳಬಂತು. ಬ್ಯಾಟರಿ ಇಳಿಯದಂತೆ ಎಂಜಿನ್ ಓಡುತ್ತಲೇ ಇತ್ತು. ಡೀಸೆಲ್ ಹೊಗೆ ಮನೆಯೊಳಗೆಲ್ಲ ತುಂಬಿತು.

ಪರಿಮಳಾ ಕರೆದಳು. ಮತ್ತೊಮ್ಮೆ ಕರೆದಾಗ ಡಾಕ್ಟರ ದನಿ ಬಂತು, ನಾವು ಕಾಯುತ್ತಿದ್ದೆವು ಎಂದು. ಹಡಗಿನವನೂ ಇದ್ದ. ಶಾಲೆಯಿರುವ ತೀರ ಬೇರೊಂದು ಪರಿಹಾರ ಸಂಸ್ಥೆಯ ಪಾಲಿಗೆ ಬಂದಿದೆ, ನಾವು ಕೈಹಾಕುವಂತಿಲ್ಲ ಎಂದ. ಕೊಲಂಬೊದವನು ಆ ಸಂಸ್ಥೆ ಈಗಾಗಲೇ ಅಲ್ಲಿಗೆ ತಲುಪಿರಬೇಕು ಎಂದ. ಪರಿಮಳಾ ವಾದಿಸಲು ಹೋಗಲಿಲ್ಲ. ಆ ಶಾಲೆಗೆ ಇಂದು ಯಾರಾದರೂ ತಲುಪಿದ್ದನ್ನು ನೀವು ಬಲ್ಲಿರಾ ಎಂದು ಇಬ್ಬರನ್ನೂ ಕೇಳಿದಳು. ಇಬ್ಬರೂ ಇಲ್ಲ ಎಂದರು. ಒಬ್ಬನ ಇಲ್ಲವನ್ನು ಇನ್ನೊಬ್ಬನಿಗೆ ಹೇಳಿದಳು. ದೊಡ್ಡ ಶಿಬಿರದಲ್ಲಿ ನೀರಿನ ಯಂತ್ರ ಇದೆಯೇ ಎಂದು ವಿಚಾರಿಸಿ ಹೇಳಿ ಎಂದು ಕೊಲಂಬೊವನ್ನು ಕೇಳಿದಳು. ಅವನು ಯಾರನ್ನೋ ವಿಚಾರಿಸಿ ಬಂದ. ಎರಡು ಇವೆಯಂತೆ. ತನಗೆ ಇದು ಗೊತ್ತಿರಲಿಲ್ಲ ಎಂದ.

ಅದನ್ನೂ ದಾಟಿಸಿದಳು. ತುಸು ಹೊತ್ತಿನ ಮೇಲೆ ಹಡಗಿನವನ ಉತ್ತರ ಬಂತು: ಯಂತ್ರವನ್ನು ಮೀನುಗಾರರ ದೋಣಿಗೆ ಇಳಿಸುತ್ತಿದ್ದೇವೆ, ದಡದಲ್ಲಿ ಎತ್ತಿಕೊಳ್ಳಲು ಜನ ಇರಲಿ ಎಂದು ಡಾಕ್ಟರಿಗೆ ಹೇಳಿ. ಅದನ್ನು ಪರಿಮಳಾ ಡಾಕ್ಟರಿಗೆ ಎರಡೆರಡು ಸಲ ಹೇಳಿದಳು.

ರಾತ್ರಿ ವೆಂಕಟ್ರಮಣ ಶಿರಸಿಯಿಂದ ಬ್ಯಾಟರಿ ತಂದ. ಮರುದಿನ ಮಧ್ಯಾಹ್ನ ಡಾಕ್ಟರು ಕರೆದಳು. ಒಂದು ಮಗುವನ್ನು ಉಳಿಸಿಕೊಳ್ಳಲಾಗಲಿಲ್ಲ, ಉಳಿದವರೆಲ್ಲ ನೀರು ಕುಡಿಯುತ್ತಿದ್ದಾರೆ ಎಂದಳು. ಆಮೇಲೆ ಕೊಲಂಬೊ ಕರೆಯಿತು. ಹಡಗು ಕರೆಯಿತು. ಇನ್ನೆರಡು ಹೊಸ ದನಿಗಳೂ ಬಂದವು. ಯಾರೇ ಆಗಲಿ ಮೊದಲು ಸಿದ್ದಾಪುರವನ್ನು ಕೇಳಿಕೊಂಡೇ ಲಾರಿ ಹೊರಡಿಸುತ್ತಿದ್ದರು. ಪರಿಮಳಾ ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿದಳು. ದೇವಕಿಯೂ ನೀಲಗಂಗವ್ವನೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ವೆಂಕಟ್ರಮಣ ಅಂಗಡಿ ಮುಚ್ಚಿ ಬಂದು ಬಾಗಿಲಲ್ಲಿ ನಿಂತಿದ್ದ.

"ಅವು ಎಂತ ಹೇಳ್ತ?" ದೇವಕಿ ಮೆಲ್ಲಗೆ ಕೇಳಿದರು.

"ನಮ್ಮೂರ ಹೆಸ್ರು ಹೇಳ್ತ, ಅತ್ತೆ."

ದೇವಕಿ ಇನ್ನೊಮ್ಮೆ ಕಿವಿಗೊಟ್ಟು ಕೇಳಿದರು. ಸಿಡ್ಡಾಪೂರ್, ಸಿಡ್ಡಾಪೂರ್ ಎನ್ನುತ್ತಿತ್ತು ಸ್ಪೀಕರು. ಅವರು ಎದ್ದು ಅಂಗಳಕ್ಕೆ ಹೋದರು. ಆ ಮಕ್ಕಳ ಊರು ಯಾವ ಬದಿಗೆ ಬರುತ್ತದೆ ಎಂದು ಅಲ್ಲಿಂದಲೇ ಮಗನನ್ನು ಕೇಳಿದರು. ವೆಂಕಟ್ರಮಣ ಸಾಗರದ ರಸ್ತೆಯ ಕಡೆಗೆ, ಇನ್ನೂ ತುಸು ಎಡಕ್ಕೆ ಕೈ ತೋರಿಸಿದ. ಬಿಸಿಲಿಗೆ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದುಕೊಂಡು ದೇವಕಿ ಅತ್ತ ನೋಡುತ್ತ ನಿಂತರು.