ಆಗು ಅಂದವನು

ಕೂಕಟ್‌ಪಲ್ಲಿಯ ದೊಡ್ಡ ರಸ್ತೆಯಲ್ಲಿ, ಮೆಟ್ರೋ ಕಂಬಗಳ ಪಕ್ಕದಲ್ಲೇ, ಮುಂದಿನ ಲಾರಿಯಿಂದ ತಗಡಿನ ಪಟ್ಟಿಯೊಂದು ಕಳಚಿ ಬಿತ್ತು. ತಪ್ಪಿಸಲು ಜಾಗವಿರಲಿಲ್ಲ. ನಮ್ಮ ಬೈಕಿನ ಮುಂದಿನ ಗಾಲಿ ಅದನ್ನು ತುಳಿಯಿತು. ಪಟ್ಟಿ ಪುಟಿದು ಇಂಜಿನ್ನಿಗೆ ಠಣ್ಣನೆ ಬಡಿಯಿತು.

ಮೂರು ವರ್ಷದ ಪಿಂಕಿ ಮುಂದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತಿದ್ದಳು. ನಾನು ಹಿಂದೆ, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು.

"ಏನಾತ್ರಿ?" ಅಂದೆ.

"ಏನೂ ಆಗಿಲ್ಲ. ಗಾಡಿ ಓಡಾಕತ್ತೈತಿ ಇಲ್ಲೋ? ಸುಮ್ಮ ಕುಂದರು," ಅಂದರು ನಮ್ಮ ಮನೆಯವರು, ಹೆಲ್ಮೆಟ್ಟಿನ ಒಳಗಿಂದಲೇ.

ಸುಮ್ಮನೆ ಕೂರುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಳಕಲ್ಲಿನ ಹತ್ತಿರ ನಮ್ಮೂರ ಮಠದಲ್ಲಿ ಅಜ್ಜ ಅಮರೇಶಪ್ಪ ಪುರಾಣ ಓದುತ್ತಿದ್ದ. ನಡುವೆ ಬಾಯಿ ಹಾಕಿದರೆ ಪಾಪ ಅನ್ನುತ್ತಿದ್ದ. ಸೊಳ್ಳೆ ಕಚ್ಚಿದರೂ ನಾನು ಕೈ ಎತ್ತುತ್ತಿರಲಿಲ್ಲ. ಆ ಠಣ್ ಸದ್ದು ಎದೆಯಲ್ಲಿ ಕೂತುಬಿಟ್ಟಿತ್ತು. ಕಣ್ಣು ಮುಚ್ಚಿ ಅಜ್ಜನ ಪುರಾಣದ ಒಂದು ಪದ್ಯವನ್ನು ಮನಸ್ಸಿನಲ್ಲೇ ಹೇಳತೊಡಗಿದೆ.

ಎಡಗಾಲ ಬೆರಳಿಗೆ ತಣ್ಣಗಾಯಿತು. ರಸ್ತೆಯ ನೀರು ಸಿಡಿದಿರಬೇಕು ಅಂದುಕೊಂಡೆ.

ಕಣ್ಣು ಬಿಟ್ಟರೆ ಪಕ್ಕದಲ್ಲಿ ಸ್ಕೂಟರಿನವನೊಬ್ಬ ಬರುತ್ತಿದ್ದ. ಬಿಳಿ ಗಡ್ಡದವನು. ಅಂಗೈ ನನ್ನ ಕಡೆ ಮಾಡಿ ಎತ್ತಿ, "ಆಗು! ಆಗು!" ಅಂದ.

ಹೈದರಾಬಾದಿಗೆ ಬಂದು ನನಗೆ ಒಂದೇ ತಿಂಗಳು. ಪುರಾಣದಲ್ಲಿ ದೇವರು ಕಣ್ಣೆದುರು ನಿಂತರೆ ಹೀಗೇ ಅಂಗೈ ಎತ್ತುತ್ತಾನೆ. ಸುಖಿಯಾಗು, ಚಿರಂಜೀವಿಯಾಗು ಅನ್ನುತ್ತಾನೆ. ನಾನು ಎರಡೂ ಕೈ ಜೋಡಿಸಿ ಆ ಮನುಷ್ಯನಿಗೆ ನಮಸ್ಕಾರ ಮಾಡಿದೆ. ಅವನು ಹಣೆ ಬಡಿದುಕೊಂಡ.

ಆಮೇಲೆ ವಾಸನೆ ಬಂತು.

ಬಗ್ಗಿ ನೋಡಿದೆ. ಟ್ಯಾಂಕಿನ ಕೆಳಗಿನ ಸಣ್ಣ ಪೈಪು ತುಂಡಾಗಿ ಜೋಲಾಡುತ್ತಿತ್ತು. ಪೆಟ್ರೋಲು ಕಾದ ಇಂಜಿನ್ನಿನ ಮೇಲೆ ಸುರಿದು, ಹಾರಿ, ನನ್ನ ಕಾಲುಂಗುರ ತೋಯಿಸುತ್ತಿತ್ತು. ಸೀರೆಯ ಅಂಚು ಒದ್ದೆ. ಆ ಟ್ಯಾಂಕಿನ ಮೇಲೆಯೇ ನನ್ನ ಕೂಸು ಕೂತು ಹಾರ್ನ್ ಒತ್ತಿ ನಗುತ್ತಿತ್ತು. ಮುಂದೆ ಸಿಗ್ನಲ್ ಕೆಂಪಾಗಿತ್ತು. ನಾವು ಹೋಗಿ ನಿಲ್ಲಬೇಕಿದ್ದ ಜಾಗದ ಪಕ್ಕದ ಆಟೋದವನ ಬೆರಳಲ್ಲಿ ಬೀಡಿ ಹೊಗೆಯಾಡುತ್ತಿತ್ತು.

ಎರಡೂ ಮುಷ್ಟಿಯಿಂದ ನಮ್ಮವರ ಬೆನ್ನಿಗೆ ಗುದ್ದಿದೆ.

"ನಿಂದರಸ್ರಿ! ಕೂಸಿನ್ನ ಎತ್ರಿ, ಕೂಸಿನ್ನ!"

ಬೈಕು ನಿಲ್ಲುವ ಮೊದಲೇ ಜಿಗಿದೆ. ಮೊಣಕಾಲು ತರಚಿತು. ಪಿಂಕಿಯನ್ನು ಕಿತ್ತುಕೊಂಡು ಫುಟ್‌ಪಾತಿಗೆ ಓಡಿದೆ. ಸ್ಕೂಟರಿನವನು ಬಂದು ಪೆಟ್ರೋಲಿನ ಕಾಕ್ ತಿರುಗಿಸಿ ಬಂದ್ ಮಾಡಿದ. ಆಟೋದವನ ಕಡೆ ತಿರುಗಿ "ಬೀಡಿ ಫೇಂಕ್!" ಎಂದು ಒದರಿ ಬೀಡಿ ಬಿಸಾಡಿಸಿದ. ಆಮೇಲೆ ನಮ್ಮವರಿಗೆ ನನ್ನನ್ನು ತೋರಿಸಿ ಹಿಂದಿಯಲ್ಲಿ ಏನೇನೋ ಬೈದ.

"ಏನಂತಾರ?"

"ನಾ ಆಗು ಆಗು ಅಂತ ಹೊಯ್ಕೊಂಡ್ರ ನಿನ್ನ ಹೇಣ್ತಿ ಕೈ ಮುಗೀತಾಳ, ಅಂತಾನ." ನಮ್ಮವರ ತುಟಿ ಒಣಗಿತ್ತು. "ತೆಲುಗಿನ್ಯಾಗ ಆಗು ಅಂದ್ರ ನಿಲ್ಲು ಅಂತ. ಹೆಲ್ಮೆಟ್ಟಿನ್ಯಾಗ ನನಗ ಕೇಳಲೇ ಇಲ್ಲ."

"ಅವ್ವಾ, ಯಾಕ ನಡಗಾಕತ್ತಿ?" ಅಂದಳು ಪಿಂಕಿ. ಅವಳ ಲಂಗದಿಂದಲೂ ಪೆಟ್ರೋಲಿನ ವಾಸನೆ ಬರುತ್ತಿತ್ತು.

ಗಾಡಿ ತಳ್ಳಿಕೊಂಡು ಮೆಕ್ಯಾನಿಕನ ಹತ್ತಿರ ಹೋದೆವು. ಅವನು ತುಂಡಾದ ಪೈಪು ಬಿಚ್ಚಿ ನಮ್ಮ ಕೈಗೆ ಕೊಟ್ಟ. ಗೇಣುದ್ದವೂ ಇರಲಿಲ್ಲ. ಹೊಸದು ಹಾಕಲು ಅವನಿಗೆ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ತಿರುಗಿ ಹತ್ತಿದಾಗ ಪಿಂಕಿಯನ್ನು ಟ್ಯಾಂಕಿನ ಮೇಲೆ ಕೂರಿಸಲು ಬಿಡಲಿಲ್ಲ. ನಮ್ಮಿಬ್ಬರ ನಡುವೆ ಒತ್ತಿ ಹಿಡಿದೆ. ಪದ್ಯ ನೆನಪಾಗಲಿಲ್ಲ. ಕಾಲ ಬೆರಳು ಒಣಗಿದೆಯೋ ಇಲ್ಲವೋ ಎಂದು ಮತ್ತೆಮತ್ತೆ ಬಲಗಾಲಿಂದ ಸವರಿ ನೋಡುತ್ತಿದ್ದೆ.

ಬಸ್ ಸ್ಟಾಪಿನ ಹತ್ತಿರ ಯಾರೋ "ಆಗು! ಆಗು!" ಅಂದರು.

"ನಿಂದರಸ್ರಿ!"

ಅವರು ತಟ್ಟನೆ ನಿಲ್ಲಿಸಿದರು. ಒಬ್ಬ ಹೆಂಗಸು ಬುಟ್ಟಿ ಹಿಡಿದು ಬಸ್ಸಿನ ಹಿಂದೆ ಓಡುತ್ತಿದ್ದಳು.

"ಬಸ್ಸಿಗೆ ಅಂದಾಳ," ಅಂದರು ನಮ್ಮ ಮನೆಯವರು. ನಗಲಿಲ್ಲ. ಹೆಲ್ಮೆಟ್ ತೆಗೆದು, ಕೆಳಗಿಳಿದು, ಮಂಡಿಯೂರಿ ಆ ಹೊಸ ಪೈಪನ್ನು ಬೆರಳಿಂದ ಸವರಿ ಮೂಸಿ ನೋಡಿದರು.