ಪಟ್ಟಿ ಉಂಟು

ರಾತ್ರಿ ಎಲ್ಲರೂ ಮಲಗಿದ ಮೇಲೆ ಹಜಾರದ ಕಡೆಯಿಂದ ‘ಟಿಂವ್’ ಎಂಬ ಸಣ್ಣ ಸದ್ದು ಕೇಳಿಸಿತು. ನನಗೆ ಮೊದಲು ಹೊಳೆದದ್ದು ಗ್ಯಾಸ್. ಗ್ಯಾಸ್ ಸೋರಿದರೆ ಅಂಥ ಸದ್ದು ಬರುವುದಿಲ್ಲ ಎಂದು ಗೊತ್ತಿದ್ದರೂ ಎದ್ದು ಹೋಗಿ ಸಿಲಿಂಡರ್ ಮುಟ್ಟಿ ನೋಡಿದೆ. ಮತ್ತೊಮ್ಮೆ ‘ಟಿಂವ್’ ಎಂದಿತು. ಬಾಲ್ಕನಿಯಲ್ಲಿ ನನ್ನ ಗಂಡ ಉಪೇಂದ್ರ ಮತ್ತು ಮಾವ ಯಜ್ಞನಾರಾಯಣರು ಒಂದು ಹಳದಿ ಯಂತ್ರವನ್ನು ಆಕಾಶಕ್ಕೆ ಹಿಡಿದು ನಿಂತಿದ್ದರು.

“ಉಪಗ್ರಹ ಸಿಕ್ಕಿತು ರತ್ನ,” ಎಂದರು ಮಾವ, ಆಟೋ ಸಿಕ್ಕಿತು ಎನ್ನುವಷ್ಟು ಸಹಜವಾಗಿ.

ಅದು ಜಿಪಿಎಸ್ ಯಂತ್ರ. ನಾವಿರುವ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಉಪೇಂದ್ರನ ಜೊತೆ ಕೆಲಸ ಮಾಡುವ ವಿಲ್ಸನ್ ಅಮೆರಿಕದಿಂದ ತಂದದ್ದು. ಕ್ರಿಸ್‌ಮಸ್ಸಿಗೆ ಊರಿಗೆ ಹೋಗುವಾಗ ಅದನ್ನು ನಮ್ಮಲ್ಲಿ ಬಿಟ್ಟು, ಜಿಯೋಕ್ಯಾಶಿಂಗ್ ಎಂಬ ಹುಚ್ಚನ್ನೂ ಅಂಟಿಸಿ ಹೋಗಿದ್ದ. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಉಳಿದವರು ಯಂತ್ರ ಹಿಡಿದು ಹುಡುಕುತ್ತಾರೆ. ತಿರುವನಂತಪುರದ ಕೋಟೆಯ ಆಸುಪಾಸಿನಲ್ಲಿ ಹೊಸ ಡಬ್ಬಿಯೊಂದಿತ್ತು. ಅದು ಇನ್ನೂ ಯಾರಿಗೂ ಸಿಕ್ಕಿರಲಿಲ್ಲ.

“ಡಬ್ಬಿಯೊಳಗೆ ಎಂತ ಇರ್ತದೆ?” ಮಾವ ಕೇಳಿದರು.

“ಒಂದು ಪಟ್ಟಿ, ಅಪ್ಪ. ಸಿಕ್ಕಿದವರು ಅದರಲ್ಲಿ ಹೆಸರು ಬರೆಯುವುದು.”

“ಅಷ್ಟೇಯಾ?”

“ಅಷ್ಟೇ. ಮೊದಲು ಹೆಸರು ಬರೆದವರಿಗೆ ಮರ್ಯಾದೆ ಜಾಸ್ತಿ.”

ಮರ್ಯಾದೆ ಎಂಬ ಮಾತಿಗೆ ಮಾವನ ಕತ್ತು ಸ್ವಲ್ಪ ನೆಟ್ಟಗಾದದ್ದನ್ನು ನಾನು ನೋಡಿದೆ. ಅವರಿಗೆ ಆಗ ಸ್ವಲ್ಪ ಮರ್ಯಾದೆಯ ಅಗತ್ಯವಿತ್ತು.

ಉಡುಪಿಯಿಂದ ನಮ್ಮಲ್ಲಿಗೆ ಬರುವಾಗ ಅವರು ಮಲಯಾಳ ಕಲಿಸುವ ಪುಸ್ತಕವೊಂದನ್ನು ಕೊಂಡು ತಂದಿದ್ದರು. ಕಾರಣ ನಮ್ಮ ಮಗಳು ಪ್ರತೀಕ್ಷಾ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದು ಮಲಯಾಳದಲ್ಲಿ. ಅಜ್ಜ ಕೇಳುವುದು, ಅವಳು ಏನೋ ಹೇಳುವುದು, ಅಜ್ಜ ನನ್ನ ಮುಖ ನೋಡುವುದು, ಹೀಗೆ ನಡೆದಿತ್ತು. ಮಾವ ಲಿಪಿಯನ್ನು ಬೇಗ ಕಲಿತರು. ಅರ್ಥವನ್ನು ಮಾತ್ರ ಕನ್ನಡದಿಂದಲೇ ತೆಗೆಯುತ್ತಿದ್ದರು. ಮಲಯಾಳದಲ್ಲಿ ‘ಕಡ’ ಎಂದರೆ ಅಂಗಡಿ. ಒಂದು ಸಂಜೆ ಫ್ಲಾಟಿನ ಮಕ್ಕಳೆಲ್ಲ ಇರುವಾಗ ಮಾವ ಎದುರಿನ ‘ತುಣಿಕ್ಕಡ’ ಎಂಬ ಬೋರ್ಡು ಓದಿ, “ನೋಡಿ, ಈ ಊರಲ್ಲಿ ಬಟ್ಟೆಯನ್ನೂ ಕಡ ಕೊಡ್ತಾರೆ” ಎಂದುಬಿಟ್ಟರು. ಮಕ್ಕಳು ನಕ್ಕರು. ಪ್ರತೀಕ್ಷಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಂದಿನಿಂದ ಮಾವ ಬೋರ್ಡುಗಳನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರು.

“ಹೊಸ ವರ್ಷಕ್ಕೆ ನಾನು ವಾಪಸ್ ಹೋಗುವವ,” ಎಂದು ಒಮ್ಮೆ ಅಲಸಂಡೆ ಮುರಿಯುತ್ತ ನನ್ನೊಡನೆ ಹೇಳಿದ್ದರು. “ಅಷ್ಟರೊಳಗೆ ಮಗುವಿನ ಎದುರು ಒಂದು ಮಾತು ಅವಳ ಭಾಷೆಯಲ್ಲಿ ಸರಿಯಾಗಿ ಆಡ್ಬೇಕು ಮಾರಾಯ್ತಿ. ಒಂದೇ ಒಂದು.”

ಮರುದಿನ ಬೆಳಗಿನ ರೈಲಿನಲ್ಲಿ ಹೊರಟೆವು. ಡಬ್ಬಿ ಹುಡುಕುವುದು ಉಪೇಂದ್ರನ ಆಸೆ. ಮೃಗಾಲಯ, ದೇವಸ್ಥಾನ ಮಾವನಿಗೆ. ಪ್ರತೀಕ್ಷಾಳಿಗೆ ಬೇಕಾದದ್ದು ಚಾಲೈ ಪೇಟೆಯಲ್ಲಿ ಸಿಗುವ, ಬಾಲವಿರುವ ಕಾಗದದ ನಕ್ಷತ್ರ. ಡಿಸೆಂಬರ್ ಬಂತೆಂದರೆ ನಮ್ಮ ಫ್ಲಾಟಿನಲ್ಲಿ ಹಿಂದೂ, ಮುಸ್ಲಿಂ ಎನ್ನದೆ ಎಲ್ಲರ ಬಾಗಿಲಲ್ಲೂ ಒಳಗೆ ಬಲ್ಬು ಉರಿಯುವ ನಕ್ಷತ್ರ ತೂಗುತ್ತದೆ. ಬಾಲವಿರುವುದು ಮಾತ್ರ ಯಾರ ಬಾಗಿಲಲ್ಲೂ ಇರಲಿಲ್ಲ. ನನಗೆ ಬೇಕಾದದ್ದು ಇಷ್ಟೇ, ಹೋದವರೆಲ್ಲ ಹೋದ ಹಾಗೆಯೇ ಮರಳಿ ಬರಬೇಕು.

ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದಾಗಿನಿಂದ ನಾನು ಕಾವಲು ಕಾದೆ. ಬಸ್ಸು ಹತ್ತುವಾಗ ಮಾವನ ಪಂಚೆಯ ಅಂಚು, ಮೃಗಾಲಯದಲ್ಲಿ ಕಂಬಿಯ ಹತ್ತಿರ ಹೋಗುವ ಮಗಳ ಕೈ, ದೇವಸ್ಥಾನದ ಎದುರು ಚಪ್ಪಲಿ, ಗುಂಪಿನಲ್ಲಿ ಉಪೇಂದ್ರನ ಜೇಬು. ಉಪೇಂದ್ರನೋ ಗೋಪುರ ನೋಡದೆ ಯಂತ್ರದ ಪರದೆಯನ್ನೇ ನೋಡುತ್ತ ನಡೆದು, ಬಾಳೆಹಣ್ಣು ಮಾರುವವಳ ಬುಟ್ಟಿಗೆ ಎಡವಿ ಬೈಸಿಕೊಂಡ. ಚಾಲೈಯಲ್ಲಿ ನಕ್ಷತ್ರಗಳು ಮಡಿಚಿದ ಬೀಸಣಿಗೆಗಳ ಹಾಗೆ ಕಟ್ಟುಕಟ್ಟಾಗಿ ಇದ್ದವು. ಎಲ್ಲಕ್ಕಿಂತ ದೊಡ್ಡದನ್ನು, ಬೆಳ್ಳಿ ಬಾಲದ್ದನ್ನು, ಮಗಳು ಆರಿಸಿದಳು. ಅದನ್ನು ಹೊರುವ ಕೆಲಸ ಮಾವ ವಹಿಸಿಕೊಂಡರು. ಇಡೀ ಬೀದಿ ‘ಕಡ’ ಬೋರ್ಡುಗಳಿಂದ ತುಂಬಿದ್ದರೂ ಅವರು ತುಟಿ ಬಿಗಿಹಿಡಿದೇ ನಡೆದರು.

ಯಂತ್ರ ನಮ್ಮನ್ನು ಪೇಟೆಯ ಹಿಂದಿನ ಒಂದು ಓಣಿಗೆ ತಂದು ನಿಲ್ಲಿಸಿ, ಎಡವೋ ಬಲವೋ ಹೇಳಲಾರದೆ ಬಾಣವನ್ನು ಗಿರಕಿ ಹೊಡೆಸಿತು.

“ಇಲ್ಲೇ ಎಲ್ಲೋ ಉಂಟು,” ಎಂದ ಉಪೇಂದ್ರ. “ನಾನೂ ಮಗುವೂ ಆ ಮುರುಕು ಗೋಡೆ ನೋಡ್ತೇವೆ. ಅಪ್ಪ, ನೀವು ಈ ಬದಿ.”

ಅವರಿಬ್ಬರು ತಿರುವಿನಾಚೆ ಮರೆಯಾದರು. ನಾನು ಕಲ್ಲಿನ ಮೇಲೆ ಕುಳಿತು ಚಪ್ಪಲಿಯೊಳಗಿನ ಮರಳು ಕೊಡವುತ್ತಿದ್ದೆ. ಮಾವ ಒಂದು ಮನೆಯ ಗೇಟಿನ ಮುಂದೆ ನಿಂತು, ಅಲ್ಲಿದ್ದ ಬೋರ್ಡನ್ನು ಬಹಳ ದಿನಗಳ ಮೇಲೆ ಗಟ್ಟಿಯಾಗಿ ಓದಿದರು.

“ಪಟ್ಟಿ... ಉಂಡ್. ಪಟ್ಟಿ ಉಂಟು. ಸೂ-ಕ್ಷಿ-ಕ್ಕು-ಕ. ಸೂಕ್ಷ್ಮವಾಗಿ ನೋಡಿ ಅಂತ. ರತ್ನ, ಬರೆದೇ ಹಾಕಿದ್ದಾರಲ್ಲ.”

ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಸೂಕ್ಷಿಕ್ಕುಕ ಎಂದರೆ ಎಚ್ಚರಿಕೆ. ನಾನು ತಲೆ ಎತ್ತುವಾಗ ಅವರು ಚಿಲಕ ತೆಗೆದು ಒಳಗೆ ಕಾಲಿಟ್ಟಾಗಿತ್ತು.

ಮಾತನ್ನು ಅಳೆದು ಆಡುವವಳು ಎಂದು ನನಗೆ ಹೆಸರಿದೆ. ಆದರೆ ಗಾಬರಿಯಲ್ಲಿ, ಬೀದಿನಾಯಿ ಕಂಡಾಗಲೆಲ್ಲ ಮಗಳಿಗೆ ಹೇಳಿ ಅಭ್ಯಾಸವಾದ ಮಾತೇ ಬಾಯಿಗೆ ಬಂತು.

“ಮಾವ, ಬೇಡ. ಪಟ್ಟಿ, ಪಟ್ಟಿ ಉಂಟು.”

“ಅದನ್ನೇ ಅಲ್ವಾ ನಾನು ಹೇಳಿದ್ದು,” ಎಂದು ಅವರು ಮುಂದೆ ಹೋದರು.

ಮನೆಯ ಹಿಂದಿನಿಂದ ಅದು ಬೊಗಳುತ್ತ ಬಂತು. ಕಂದು ಬಣ್ಣ, ಕರುವಿನ ಗಾತ್ರ. ಮಾವ ನಕ್ಷತ್ರವನ್ನು ಎದೆಗೆ ಒತ್ತಿಕೊಂಡರು. ಒತ್ತಿದ ರಭಸಕ್ಕೆ ಕಟ್ಟಿದ್ದ ದಾರ ತುಂಡಾಗಿ, ಅದು ‘ಭರ್ರ್’ ಎಂದು ಪೂರ್ತಿ ಬಿಚ್ಚಿಕೊಂಡಿತು. ನಾಯಿಯ ಎದುರಿಗೆ ಆ ಕ್ಷಣದಲ್ಲಿ ಒಬ್ಬ ಮುದುಕನ ಬದಲು ಕೆಂಪು ಬಣ್ಣದ, ಏಳು ಮೂಲೆಗಳ, ಎರಡು ಕಾಲಿನ ಏನೋ ಒಂದು ನಿಂತಿತ್ತು. ನಾಯಿ ಗಕ್ಕನೆ ನಿಂತು, ಕುಳಿತು, ಯೋಚಿಸಿ, ಕೊನೆಗೆ ನೇತಾಡುತ್ತಿದ್ದ ಬೆಳ್ಳಿ ಬಾಲವನ್ನು ಬಾಯಲ್ಲಿ ಹಿಡಿಯಿತು. ಮಾವ ಬಿಡಲಿಲ್ಲ.

ಬೊಗಳಿದ್ದು ಕೇಳಿ ತಿರುವಿನಿಂದ ಅಪ್ಪ ಮಗಳು ಓಡಿ ಬಂದರು. ಒಳಗಿನಿಂದ ಮನೆಯಾಕೆಯೂ ಬಂದು, ಸೊಂಟಕ್ಕೆ ಕೈಯಿಟ್ಟು ಮಾವನನ್ನು ಕೇಳಿದರು. “ಬೋರ್ಡ್ ವಾಯಿಚ್ಚಿಲ್ಲೇ?” ಬೋರ್ಡು ಓದಲಿಲ್ಲವೇ ಎಂದು.

ಅದು ಪುಸ್ತಕದಲ್ಲಿದ್ದ ಕ್ರಿಯಾಪದವಾಗಿರಬೇಕು. ನಕ್ಷತ್ರದ ಹಿಂದಿನಿಂದ ಮಾವನ ಧ್ವನಿ ಸ್ಪಷ್ಟವಾಗಿ ಬಂತು.

“ವಾಯಿಚ್ಚು. ಞಾನ್ ಪಟ್ಟಿ ಕಾಣಾನ್ ವನ್ನು.”

ಓದಿದೆ, ನಾನು ನಾಯಿ ನೋಡಲು ಬಂದೆ. ಇಷ್ಟು ಶುದ್ಧವಾದ ಮಲಯಾಳ ನಮ್ಮ ಮನೆಯ ದೊಡ್ಡವರ ಬಾಯಿಂದ ಅದುವರೆಗೆ ಬಂದಿರಲಿಲ್ಲ.

ಮನೆಯಾಕೆಯ ಕೈ ಸೊಂಟದಿಂದ ಇಳಿಯಿತು. ನಮ್ಮ ಕೈಸರನನ್ನು ನೋಡಲೆಂದು ಇದುವರೆಗೆ ಒಬ್ಬರೂ ಬಂದಿಲ್ಲ, ಎಲ್ಲರೂ ಕಲ್ಲು ಹೊಡೆಯುವವರೇ, ಎಂದು ಮಲಯಾಳದಲ್ಲಿ ಹೇಳುತ್ತ ನಮ್ಮನ್ನೆಲ್ಲ ಒಳಗೆ ಕರೆದು ಚಹಾ, ಕೇಕು ಕೊಟ್ಟರು. ಆ ಮಾತಿನಲ್ಲಿ ಮಾವನಿಗೆ ಹಿಡಿಗೆ ಸಿಕ್ಕಿದ್ದು ‘ಇದುವರೆ ಆರುಂ ವನ್ನಿಲ್ಲ’ ಎಂಬ ತುಂಡು ಮಾತ್ರ.

“ಉಪೇಂದ್ರ, ಇದುವರೆಗೆ ಯಾರೂ ಬರಲಿಲ್ಲವಂತೆ,” ಎಂದರು. “ನಾವೇ ಮೊದಲು.”

“ಹಾಗೆ ಕಾಣ್ತದೆ,” ಎಂದ ಉಪೇಂದ್ರ, ತನ್ನ ಮಡಿಲಿನಲ್ಲಿ ತಲೆಯಿಟ್ಟ ಕೈಸರನನ್ನು ನೋಡುತ್ತ. ಆಮೇಲೆ ನನ್ನ ಕಿವಿಯಲ್ಲಿ ಕೇಳಿದ, “ಅಪ್ಪ ಒಳಗೆ ಯಾಕೆ ಹೋದದ್ದು?”

“ಅವರೇ ಹೇಳಿದರಲ್ಲ, ನೋಡ್ಲಿಕ್ಕೆ,” ಎಂದೆ. ನಾನು ಆಗ ಮಾವನ ಕಾಲಿನಲ್ಲಿ ಗೀರು ಬಿದ್ದಿದೆಯೇ ಎಂದು ಹುಡುಕುತ್ತಿದ್ದೆ. ಬಿದ್ದಿರಲಿಲ್ಲ.

ಡಬ್ಬಿ ಸಿಗಲಿಲ್ಲ. ಮತ್ತೆ ಓಣಿಗೆ ಇಳಿದಾಗ ಯಂತ್ರದ ಬ್ಯಾಟರಿ ಮುಗಿದಿತ್ತು, ರೈಲಿಗೂ ಹೊತ್ತಾಗಿತ್ತು.

ರೈಲಿನಲ್ಲಿ ಪ್ರತೀಕ್ಷಾ ನನ್ನ ಪಕ್ಕದಿಂದ ಎದ್ದು ಹೋಗಿ ಅಜ್ಜನಿಗೆ ಅಂಟಿ ಕುಳಿತಳು. ನಕ್ಷತ್ರದ ಹರಿದ ಬಾಲವನ್ನು ಬೆರಳಿಗೆ ಸುತ್ತುತ್ತ, ಒಂದೊಂದೇ ಪದ ಹುಡುಕಿ, ಕನ್ನಡದಲ್ಲಿ ಕೇಳಿದಳು.

“ಅಜ್ಜ, ನಿಮಗೆ... ಹೆದರಿಕೆ ಆಗ್ಲಿಲ್ವಾ?”

“ನಾಯಿಗಾ? ಸ್ವಲ್ಪ ಆಯ್ತು ಮಗಾ.”

“ಆದ್ರೂ ಹೋದ್ರಿ.”

“ಹೋಗದಿದ್ರೆ ಆಗ್ತದಾ? ಬೋರ್ಡಲ್ಲಿ ಬರೆದದ್ದು ಓದಿದ ಮೇಲೆ.”

ಅವಳು ಅಜ್ಜನನ್ನು ನೋಡಿದ ರೀತಿಯನ್ನು ನಾನು ಹಿಂದೆ ನೋಡಿರಲಿಲ್ಲ. ಶಾಲೆಯಲ್ಲಿ ಎಲ್ಲರಿಗೂ ಹೇಳುತ್ತೇನೆ ಎಂದಳು, ಅದನ್ನೂ ಕನ್ನಡದಲ್ಲೇ. ಎರಡು ಕಡೆ ತಪ್ಪಿತ್ತು. ಮಾವ ತಿದ್ದಲಿಲ್ಲ.

ಅವಳು ಕಿಟಕಿಗೆ ತಿರುಗಿದಾಗ ಮಾವ ನನ್ನ ಕಡೆ ಬಾಗಿ ದನಿ ತಗ್ಗಿಸಿದರು.

“ಆ ಅಮ್ಮ ಒಳ್ಳೆಯವರು ರತ್ನ. ಚಾ ಕೊಟ್ಟರು, ಕೇಕ್ ಕೊಟ್ಟರು. ಪಟ್ಟಿ ಒಂದು ತೋರಿಸ್ಲಿಲ್ಲ. ನಾಯಿಯ ಗಲಾಟೆಯಲ್ಲಿ ಮರೆತರೋ ಏನೋ. ನನಗೂ ಕೇಳ್ಲಿಕ್ಕೆ ನಾಚಿಕೆ ಆಯ್ತು.”

ನಾನು ಬಾಯಿ ತೆರೆದೆ. ಉಪೇಂದ್ರನಿಗೆ ಹೇಳಿದರೆ ಸೋಮವಾರ ಅದು ಕಾಕ್ಕನಾಡಿನ ಇಡೀ ಕ್ಯಾಂಟೀನಿಗೆ ಗೊತ್ತಾಗುತ್ತದೆ. ಮಗಳಿಗೆ ಹೇಳಿದರೆ ಅವಳು ಎದ್ದು ಮತ್ತೆ ನನ್ನ ಪಕ್ಕಕ್ಕೆ ಬಂದು ಕೂರಬಹುದು. ಇವರಿಗೆ ಹೇಳಿದರೆ ಇನ್ನು ಒಂದು ಬೋರ್ಡನ್ನೂ ಓದಲಾರರು. ಮೂವರ ಮುಖವನ್ನೂ ಒಂದೊಂದಾಗಿ ನೋಡಿ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದೆ. ಕಾಯಂಕುಳಂ ನಿಲ್ದಾಣ ಬರುತ್ತಿತ್ತು.

“ಮರೆತಿರಬೇಕು ಮಾವ,” ಎಂದೆ. “ಕಾಪಿ ಕುಡಿತೀರಾ?”